ಮನೆತನದಲ್ಲೊಬ್ಬ ಪರಂಗಿ: ಆಂಗ್ಲೋ ಇಂಡಿಯನ್ ಬೇರು ಹುಡುಕುವವರಿಗೆ

ಬೆಂಗಳೂರಿನ ದಂಡು ಪ್ರದೇಶ, ಕೆ.ಜಿ.ಎಫ್., ಹುಬ್ಬಳ್ಳಿಯ ರೈಲ್ವೆ ಕಾಲೊನಿ, ಬಳ್ಳಾರಿ ಮತ್ತು ಬೆಳಗಾವಿಯ ಕ್ಯಾಂಪು. ಈ ಊರುಗಳ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ, ಕೆಲವೊಮ್ಮೆ ಹಿಂದೂ, ಮುಸ್ಲಿಂ ಮನೆಗಳಲ್ಲೂ, 'ನಮ್ಮ ಮುತ್ತಜ್ಜ ಬಿಳಿಯನಂತೆ' ಎಂಬ ಮಾತು ಕೇಳಿಬರುತ್ತದೆ, ಅಂದರೆ ತಾವು ಬಿಳಿಯ ಗಂಡಸು ಮತ್ತು ಇಲ್ಲಿಯ ಹೆಂಗಸಿನ ಆಂಗ್ಲೋ ಇಂಡಿಯನ್ ಸಂತತಿ ಎಂದು. ಎಷ್ಟೋ ಕಡೆ ಅಜ್ಜಿಯ ಬೆಕ್ಕಿನ ಕಣ್ಣು ಬಿಟ್ಟರೆ ಬೇರೆ ಸುಳಿವೇ ಉಳಿದಿರುವುದಿಲ್ಲ. ಅಂಥ ಮಾತು ನಿಜವೋ ಸುಳ್ಳೋ, ನಿಜವಾದರೆ ಆ ಮುತ್ತಜ್ಜ ಯಾರು, ಅದಕ್ಕಿಂತ ಕಷ್ಟದ ಪ್ರಶ್ನೆ, ಅವನ ಹೆಂಡತಿ ಯಾರು ಎಂದು ಪತ್ತೆ ಹಚ್ಚುವ ಕ್ರಮ ಇಲ್ಲಿದೆ.

ಈಗ ಎಲ್ಲರೂ ಮೊದಲು ಡಿಎನ್‌ಎ ಕಿಟ್ ತರಿಸುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಕಾಗದಪತ್ರದ ಹಿನ್ನೆಲೆ ಇಲ್ಲದೆ ಬಂದ 'ಶೇ. 9 ಯುರೋಪ್' ಎಂಬ ಅಂಕಿಯಿಂದ ಒಂದು ಹೆಸರೂ ಸಿಗುವುದಿಲ್ಲ.

ಮನೆಯಿಂದಲೇ ಶುರು

ನಿಮ್ಮಿಂದ ಹಿಂದಕ್ಕೆ, ಒಂದೊಂದೇ ತಲೆಮಾರು ಹೋಗಿ. ಅಂತರ್ಜಾಲದಲ್ಲಿ ಅದೇ ಅಡ್ಡಹೆಸರಿನ ಇಂಗ್ಲಿಷ್ ಮನೆತನವೊಂದನ್ನು ಹಿಡಿದು ಅಲ್ಲಿಂದ ಕೆಳಗೆ ಇಳಿಯಹೊರಟವರು ದಾರಿ ತಪ್ಪಿದಂತೆಯೇ. ಹೆಸರು ಒಂದೇ ಆದಮಾತ್ರಕ್ಕೆ ರಕ್ತ ಒಂದೇ ಆಗಬೇಕಿಲ್ಲ. ಅನಾಥಾಲಯಗಳಲ್ಲಿ ಮಕ್ಕಳಿಗೆ ಹೆಸರು ಇಟ್ಟದ್ದುಂಟು, ಮಿಷನರಿಗಳು ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಹೊತ್ತಿಗೆ ತಮ್ಮ ಹೆಸರನ್ನೇ ಕೊಟ್ಟದ್ದುಂಟು. ಪೋರ್ಚುಗೀಸ್ ಹೆಸರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಂಗಳೂರು, ಗೋವಾ ಕಡೆಯ ಡಿಸೋಜ, ಪಿರೇರಾ, ಪಿಂಟೊಗಳಲ್ಲಿ ಹೆಚ್ಚಿನವರು ಮತಾಂತರದ ವೇಳೆ ಆ ಹೆಸರು ಪಡೆದ ಕೊಂಕಣಿ ಮನೆತನದವರು. ಆ ಹೆಸರಿನ ಹಿಂದೆ ಪೋರ್ಚುಗಲ್‌ನ ಒಬ್ಬನೂ ಇರದಿರಬಹುದು.

ಮನೆಯಲ್ಲಿ ಹುಡುಕಬೇಕಾದದ್ದು: ದೀಕ್ಷಾಸ್ನಾನ ಮತ್ತು ಮದುವೆಯ ಪ್ರಮಾಣಪತ್ರಗಳು, ರೈಲ್ವೆ ಅಥವಾ ಗಣಿಯ ಸರ್ವಿಸ್ ಬುಕ್, ಪಿಂಚಣಿ ಕಾಗದ, ಶಾಲೆಯ ಟಿ.ಸಿ., ಬೈಬಲ್ಲಿನ ಮೊದಲ ಖಾಲಿ ಹಾಳೆ, ಫೋಟೊಗಳ ಬೆನ್ನು. ಬೈಬಲ್ಲಿನ ಆ ಹಾಳೆಯಲ್ಲಿ ಹುಟ್ಟು, ಸಾವುಗಳನ್ನು ಬರೆದಿಡುವ ರೂಢಿಯಿತ್ತು. ಎಲ್ಲ ಸಾಲುಗಳೂ ಒಂದೇ ಶಾಯಿ, ಒಂದೇ ಕೈಬರಹದಲ್ಲಿದ್ದರೆ ಯಾರೋ ಆಮೇಲೆ ಒಟ್ಟಿಗೆ ಕೂತು ಬರೆದದ್ದು ಎಂದು ತಿಳಿಯಿರಿ. ಆಗ ಅದರ ತೂಕ ಕಡಿಮೆ. ಫೋಟೊ ಬೆನ್ನಿನ ಸ್ಟುಡಿಯೊ ಮುದ್ರೆ ಊರು ಹೇಳುತ್ತದೆ. ಮುದ್ದೆಯಾಗಿ ಬಿಸಾಡಲು ಇಟ್ಟ ಆಸ್ಟ್ರೇಲಿಯಾದ ಏರೋಗ್ರಾಮ್ (ವಿಮಾನದ ಅಂಚೆಪತ್ರ) ಇದ್ದರೆ ಮೊದಲು ಅದನ್ನು ಎತ್ತಿಡಿ. ಕಾರಣ ಮುಂದೆ ಬರುತ್ತದೆ.

ಹಿರಿಯರನ್ನು ಕೇಳುವಾಗ 'ನಮ್ಮ ಮೂಲ ಯಾವುದು?' ಎಂದು ಕೇಳಿದರೆ ಕಥೆ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ. ಸಣ್ಣ ಪ್ರಶ್ನೆ ಕೇಳಿ. 'ಅಜ್ಜಿ, ನೀವು ಯಾವ ಚರ್ಚಿಗೆ ಹೋಗ್ತಿದ್ರಿ?', 'ತಾತ ಯಾವ ಶೆಡ್ಡಲ್ಲಿ ಕೆಲಸ ಮಾಡ್ತಿದ್ರು?', 'ನಿಮ್ಮ ಗಾಡ್‌ಮದರ್ ಯಾರು?', 'ದೊಡ್ಡಮ್ಮನ ಮದುವೆ ಎಲ್ಲಾಯ್ತು?' ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಗಾಡ್‌ಮದರ್, ಗಾಡ್‌ಫಾದರ್ ಹೆಸರು ಬಂಗಾರ. ಎಷ್ಟೋ ಸಲ ಅವರು ತಾಯಿಯ ಕಡೆಯ ನೆಂಟರಾಗಿರುತ್ತಾರೆ, ಅಂದರೆ ದಾಖಲೆಗಳು ಮುಚ್ಚಿಟ್ಟ ಕಡೆಯವರು. ಹೇಳಿದ್ದನ್ನು ಹೇಳಿದ ಮಾತಲ್ಲೇ ಬರೆದು, ಯಾರು ಯಾವ ದಿನ ಹೇಳಿದರು ಎಂದೂ ಸೇರಿಸಿ. ಅಡುಗೆಯ ಸುಳಿವನ್ನು ನೆಚ್ಚಬೇಡಿ. ಬಾಲ್ ಕರಿ, ಯೆಲ್ಲೋ ರೈಸ್, ಪೆಪ್ಪರ್ ವಾಟರ್ ಮಾಡುವ ಮನೆಗಳೆಲ್ಲ ಆಂಗ್ಲೋ ಇಂಡಿಯನ್ ಅಲ್ಲ. ಕ್ರಿಸ್‌ಮಸ್ಸಿನ ಕುಲ್‌ಕುಲ್ ಅಂತೂ ಕರಾವಳಿಯ ಕೊಂಕಣಿ ಕ್ರೈಸ್ತರದೂ ಹೌದು.

ಹಣೆಪಟ್ಟಿಗೆ ಇಸವಿ ಹಾಕಿ

ದಾಖಲೆಯಲ್ಲಿ ಕಾಣುವ 'ಯುರೇಷಿಯನ್', 'ಈಸ್ಟ್ ಇಂಡಿಯನ್', 'ಯುರೋಪಿಯನ್' ಎಂಬ ಹಣೆಪಟ್ಟಿ ರಕ್ತಪರೀಕ್ಷೆಯ ವರದಿಯಲ್ಲ. ಆ ವರ್ಷ, ಆ ಗುಮಾಸ್ತ ಅಥವಾ ಪಾದ್ರಿ, ಎದುರಿಗಿದ್ದವನ ಮಾತು, ಬಣ್ಣ, ನೌಕರಿ ನೋಡಿ ಬರೆದದ್ದು. ಒಬ್ಬನೇ ಮನುಷ್ಯ ದೀಕ್ಷಾಸ್ನಾನದಲ್ಲಿ ಇಂಡೋ ಬ್ರಿಟನ್, ಮದುವೆಯಲ್ಲಿ ಈಸ್ಟ್ ಇಂಡಿಯನ್, ಸಾವಿನಲ್ಲಿ ಯುರೇಷಿಯನ್ ಆಗಬಹುದು. ಮೂರೂ ಮಿಶ್ರ ಮೂಲದವರಿಗೆ ಆಗ ಇದ್ದ ಹೆಸರುಗಳು. ಅವನ ಮಗ ರೈಲ್ವೆ ಅರ್ಜಿಯಲ್ಲಿ 'ಡಾಮಿಸೈಲ್ಡ್ ಯುರೋಪಿಯನ್' (ಇಲ್ಲೇ ನೆಲೆಸಿದ ಯುರೋಪಿಯನ್) ಎಂದು ಬರೆಸಿರಬಹುದು. ಇವರು ಬೇರೆ ಬೇರೆ ಜನ ಎಂದುಕೊಂಡು ವಂಶವೃಕ್ಷದ ಕೊಂಬೆ ಕಡಿದುಹಾಕುವುದು ಹೊಸಬರು ಮಾಡುವ ಅತಿ ದೊಡ್ಡ ತಪ್ಪು. ಆದ್ದರಿಂದ ಹಣೆಪಟ್ಟಿಯನ್ನು ಬರೆದುಕೊಳ್ಳುವಾಗ ಪಕ್ಕದಲ್ಲೇ ಮೂರು ಸಂಗತಿ ಬರೆಯಿರಿ: ಯಾವ ವರ್ಷ, ಯಾರು ಬರೆದದ್ದು, ಹಾಗೆ ಬರೆಸಿದರೆ ಯಾರಿಗೆ ಲಾಭ.

ಲಾಭದ ಲೆಕ್ಕ ತಿಳಿಯಲು ಸ್ವಲ್ಪ ಇತಿಹಾಸ ಬೇಕು. 1687ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಮದ್ರಾಸಿನ ಸಿಪಾಯಿಗಳು ಸ್ಥಳೀಯ ಹೆಂಗಸರನ್ನು ಮದುವೆಯಾಗುವುದಕ್ಕೆ ಉತ್ತೇಜನವಾಗಿ ಮಗುವಿಗೊಂದು ಪಗೋಡ ನಾಣ್ಯ ಕೊಡಲು ಬರೆದರು. ನೂರು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 1791ರಲ್ಲಿ ಭಾರತೀಯ ತಾಯಿಯ ಮಕ್ಕಳಿಗೆ ಕಂಪನಿಯ ಸಿವಿಲ್, ಸೈನಿಕ, ನೌಕಾ ಹುದ್ದೆಗಳ ಬಾಗಿಲು ಮುಚ್ಚಿತು. 1795ರ ಆದೇಶದಂತೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಯುರೋಪಿಯನ್ ಮೂಲದವರಲ್ಲದವರಿಗೆ ಸೈನ್ಯದಲ್ಲಿ ಉಳಿದದ್ದು ಕೊಳಲು, ಡ್ರಮ್ಮು, ಬ್ಯಾಂಡು ಬಾರಿಸುವುದು, ಕುದುರೆಗೆ ಲಾಳ ಕಟ್ಟುವುದು, ಇಷ್ಟೇ. ಹಾಗಾಗಿ 1795ರ ನಂತರದ ದಾಖಲೆಯಲ್ಲಿ, ಅದರಲ್ಲೂ ದೇಶೀ ಪಲ್ಟನ್ನಿನಲ್ಲಿ, ತಂದೆಯ ಕೆಲಸ 'ಡ್ರಮ್ಮರ್' ಅಥವಾ 'ಫೈಫರ್' (ಕೊಳಲೂದುವವ) ಎಂದಿದ್ದರೆ ಮಿಶ್ರ ಮೂಲದ ಸಾಧ್ಯತೆ ಬಲವಾಗುತ್ತದೆ. ಆಮೇಲಿನ ಕಾಲದಲ್ಲಿ ಅಪಾಥಿಕರಿ (ಔಷಧಿ ಕೊಡುವವ), ಟೆಲಿಗ್ರಾಫ್ ಸಿಗ್ನಲರ್, ಸುಂಕದ ಕಟ್ಟೆಯ ನೌಕರ, ರೈಲಿನ ಡ್ರೈವರ್, ಗಾರ್ಡ್ ಇವೆಲ್ಲ ಇದೇ ಸಮುದಾಯ ನೆಚ್ಚಿಕೊಂಡ ನೌಕರಿಗಳು. ತಾಯಿಯ ಮೂಲವನ್ನು ಮರೆಮಾಚಲು ಮೇಲಿನ ಆದೇಶಗಳಿಗಿಂತ ದೊಡ್ಡ ಕಾರಣ ಬೇಕಿರಲಿಲ್ಲ. 'ಅಜ್ಜಿ ಸ್ಪೇನಿನವಳಂತೆ', 'ಫ್ರೆಂಚ್ ರಕ್ತವಂತೆ' ಎಂಬ ಕಥೆಗಳು ಹಲವು ಮನೆಗಳಲ್ಲಿ ಕಪ್ಪು ಮೈಬಣ್ಣಕ್ಕೆ ಕೊಟ್ಟ ಸಮಜಾಯಿಷಿ.

ಈಗ 'ಆಂಗ್ಲೋ ಇಂಡಿಯನ್' ಎಂಬ ಹೆಸರಿನ ತೊಡಕು. 19ನೇ ಶತಮಾನದಲ್ಲಿ ಅದು ಭಾರತದಲ್ಲಿ ನೆಲೆಸಿದ್ದ ಅಪ್ಪಟ ಬ್ರಿಟಿಷರನ್ನು ಸೂಚಿಸುತ್ತಿತ್ತು. ಮಿಶ್ರ ಮೂಲದವರಿಗೆ ಸರ್ಕಾರ ಅಧಿಕೃತವಾಗಿ ಆ ಹೆಸರು ಬಳಸಿದ್ದು 1911ರ ಜನಗಣತಿಯಿಂದ. 1880ರ ಪತ್ರಿಕೆಯಲ್ಲಿ ನಿಮ್ಮವರನ್ನು 'ಆಂಗ್ಲೋ ಇಂಡಿಯನ್' ಎಂದಿದ್ದರೆ ಈಗಿನ ಅರ್ಥ ಹಚ್ಚಬೇಡಿ. ಅದೇ ರೀತಿ 1820–30ರ ಮದ್ರಾಸಿನ 'ಈಸ್ಟ್ ಇಂಡಿಯನ್' ಬೇರೆ, ಮುಂಬೈಯ 'ಈಸ್ಟ್ ಇಂಡಿಯನ್' ಬೇರೆ. ಎರಡನೆಯದು ಮರಾಠಿ ಮಾತಾಡುವ ಕ್ಯಾಥೊಲಿಕ್ ಸಮುದಾಯ. ಮುಂಬೈಗೂ ಬೆಂಗಳೂರಿಗೂ ಓಡಾಡಿದ ಕುಟುಂಬದಲ್ಲಿ ಇದು ದೊಡ್ಡ ಗೊಂದಲ ತರುತ್ತದೆ. ಊರ ಜನ ಬಳಸಿದ ಹೆಸರುಗಳೂ ಇವೆ: ಪರಂಗಿ, ತಮಿಳಿನ ಚಟ್ಟೈಕಾರ, ಹೀಯಾಳಿಸಲು ಎಂಟಾಣೆ, ಚೀಚೀ. ಹಿರಿಯರ ಬಾಯಲ್ಲಿ ಇವು ಬಂದರೆ ತಿದ್ದಬೇಡಿ. ಯಾರು ಯಾರಿಗೆ ಹಾಗಂದರು ಎಂಬುದೂ ಮಾಹಿತಿಯೇ.

ಊರು ಯಾವ ಆಡಳಿತಕ್ಕೆ ಸೇರಿತ್ತು?

ಚರ್ಚಿನ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಯ ಪಟ್ಟಿಗಳ ನಕಲನ್ನು ಪ್ರೆಸಿಡೆನ್ಸಿಯ, ಅಂದರೆ ಬ್ರಿಟಿಷ್ ಪ್ರಾಂತ್ಯದ, ಕೇಂದ್ರಕ್ಕೆ ಕಳಿಸುತ್ತಿದ್ದರು, ಅಲ್ಲಿಂದ ಅವು ಲಂಡನ್ನಿಗೆ ಹೋಗುತ್ತಿದ್ದವು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಪ್ರತಿ ಪ್ರಾಂತ್ಯದ ಸಾಲಿಗೂ ಒಂದು ಗುರುತುಸಂಖ್ಯೆ ಇದೆ: ಬಂಗಾಳದ್ದು ಎನ್/1, ಮದ್ರಾಸಿನದ್ದು ಎನ್/2, ಬೊಂಬಾಯಿಯದ್ದು ಎನ್/3. ಮದ್ರಾಸಿನ ಸಾಲು 1698ರಿಂದ 1948ರವರೆಗೆ ಬರುತ್ತದೆ. ನಿಮ್ಮ ಊರು ಎಲ್ಲಿ ಬೀಳುತ್ತದೆ ಎಂದು ತಪ್ಪಿ ತಿಳಿದರೆ ಇಡೀ ಹುಡುಕಾಟ ವ್ಯರ್ಥ.

ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣ, ಬಳ್ಳಾರಿ, ಮಂಗಳೂರು, ಕೊಡಗು ಇವು ಮದ್ರಾಸಿನ ಸಾಲಿನಲ್ಲಿ. ಮೈಸೂರು ಸಂಸ್ಥಾನ ಬೇರೆಯೇ ಆಗಿದ್ದರೂ ಚರ್ಚಿನ ಲೆಕ್ಕ ಮದ್ರಾಸಿಗೇ ಹೋಗುತ್ತಿತ್ತು. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಬೊಂಬಾಯಿಯ ಸಾಲಿನಲ್ಲಿ. ಕಾರವಾರದ ಕಡೆ ಎರಡೂ ನೋಡಬೇಕು, ಏಕೆಂದರೆ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಸೇರಿತು. ರೈಲ್ವೆಯವರಾದರೆ ಇನ್ನೂ ಅಗಲವಾಗಿ ಹುಡುಕಿ. ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯ ಭಾಗದೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಅಂದರೆ ಎಂ.ಎಸ್.ಎಂ., ಆಯಿತು. ವರ್ಗಾವಣೆಯಾದಂತೆ ಒಂದೇ ಸಂಸಾರದ ಐದು ಮಕ್ಕಳ ದೀಕ್ಷಾಸ್ನಾನ ಐದು ಊರುಗಳಲ್ಲಿ ಆಗಿರುತ್ತದೆ. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಶುರುವಾಗಿ, 1881ರಿಂದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿ ಬ್ರಿಟಿಷರ ಕೈಯಲ್ಲೇ ಇದ್ದು, 1947ರ ಜುಲೈಯಲ್ಲಿ ಮೈಸೂರಿಗೆ ಮರಳಿತು. ಹಾಗಾಗಿ ಅಲ್ಲಿನ ಆಡಳಿತದ ಕಡತಗಳು ಹಂಚಿಹೋಗಿವೆ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕೇಳಿ, ಸಿಗದಿದ್ದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ ನೋಡಿ.

ಮನೆಯಲ್ಲೇ ಕೂತು ನೋಡಲು ಮೂರು ದಾರಿ ಇವೆ. ಫ್ಯಾಮಿಲಿಸರ್ಚ್‌ನಲ್ಲಿ ಉಚಿತ ಖಾತೆ ತೆರೆದರೆ ಸೂಚಿ ಸಿಗುತ್ತದೆ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ, ಎಲ್ಲರೂ ಕರೆಯುವಂತೆ ಫಿಬಿಸ್, ಅದರ ದತ್ತಾಂಶವನ್ನೂ ದುಡ್ಡಿಲ್ಲದೆ ಹುಡುಕಬಹುದು. ಮೂಲ ಪುಟದ ಚಿತ್ರ ಬೇಕಾದರೆ ಫೈಂಡ್‌ಮೈಪಾಸ್ಟ್‌ಗೆ ಚಂದಾ ಕಟ್ಟಬೇಕು. ಮೊದಲೆರಡರಲ್ಲಿ ಹೆಸರುಗಳ ಪಟ್ಟಿ ಪೂರ್ತಿ ಮಾಡಿಕೊಂಡು, ಒಂದೇ ತಿಂಗಳ ಚಂದಾದಲ್ಲಿ ಎಲ್ಲ ಚಿತ್ರಗಳನ್ನೂ ಇಳಿಸಿಕೊಳ್ಳುವುದು ಜಾಣತನ.

ಸೂಚಿಯಲ್ಲಿ ಸಿಕ್ಕಿದ ಮೇಲೆ ಚಿತ್ರ ನೋಡದೆ ಬಿಡಲೇಬೇಡಿ. ಸೂಚಿಯಲ್ಲಿ ತಂದೆಯ ಕೆಲಸ, ವಾಸಸ್ಥಳ, ಪಾದ್ರಿಯ ಟಿಪ್ಪಣಿ ಯಾವುದೂ ಇರುವುದಿಲ್ಲ. ಹೆಸರು ಸಿಗದಿದ್ದರೆ ಉಚ್ಚಾರ ಬದಲಿಸಿ, ಅಡ್ಡಹೆಸರು ಬಿಟ್ಟು ತಂದೆ ತಾಯಿಯ ಮೊದಲ ಹೆಸರಷ್ಟನ್ನೇ ಹಾಕಿ, ಇಸವಿಯನ್ನು ಮುಂದಕ್ಕೆ ಎರಡು ವರ್ಷ ಸಡಿಲಿಸಿ. ನಕಲು ತಡವಾಗಿ ಹೋಗುವುದು ಸಾಮಾನ್ಯವಾಗಿತ್ತು. ಪಾದ್ರಿಯೇ ಇಲ್ಲದ ಊರಿನಲ್ಲಿ ಮೂರ್ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷಾಸ್ನಾನ ಆಗಿರುವುದೂ ಉಂಟು.

ಒಂದು ಸಾಲನ್ನು ಓದುವ ಬಗೆ

ಮದ್ರಾಸಿನ ದೀಕ್ಷಾಸ್ನಾನದ ಪುಟದಲ್ಲಿ ಅಡ್ಡಲಾಗಿ ಕಾಣುವುದು: ದೀಕ್ಷಾಸ್ನಾನದ ದಿನ, ಹುಟ್ಟಿದ ದಿನ, ಮಗುವಿನ ಹೆಸರು, ತಂದೆ ತಾಯಿಯ ಹೆಸರು, ವಾಸ, ತಂದೆಯ ಕೆಲಸ, ಪಾದ್ರಿಯ ಸಹಿ. ಹುಟ್ಟಿದ ದಿನದ ಮೇಲೆ 'ಹೇಳಿದಂತೆ' ಎಂಬ ಅರ್ಥದ ಮಾತು ಇರುತ್ತದೆ, ಅಂದರೆ ಅದು ಕೇಳಿ ಬರೆದದ್ದು. ತಂದೆಗೆ ಪೂರ್ಣ ಹೆಸರಿದ್ದು ತಾಯಿಗೆ ಬರೀ 'ಮೇರಿ', 'ಮರಿಯಾ', 'ಲೂಯಿಸಾ' ಎಂದಷ್ಟೇ ಇದ್ದರೆ ಅಲ್ಲಿ ನಿಲ್ಲಿ. ತಾಯಿ ಸ್ಥಳೀಯಳು, ಮದುವೆಗೆ ಮೊದಲೋ ಮಗುವಿನ ಜತೆಗೋ ದೀಕ್ಷಾಸ್ನಾನ ಪಡೆದವಳು ಎಂಬುದರ ಸಾಮಾನ್ಯ ಗುರುತು ಇದು. ಸಾಬೀತಲ್ಲ, ಗುರುತು. ಕೆಲವು ಕಡೆ 'ದೇಶೀ ಹೆಂಗಸು' ಎಂದಷ್ಟೇ ಬರೆದು ಹೆಸರನ್ನೂ ಬಿಟ್ಟಿರುತ್ತಾರೆ. 'ನ್ಯಾಚುರಲ್' ಮಗು ಎಂದಿದ್ದರೆ ಚರ್ಚಿನ ಮದುವೆ ಆಗಿರಲಿಲ್ಲ ಎಂದರ್ಥ.

ಅಂಥ 'ಮೇರಿ'ಯ ಜಾಡು ಹಿಡಿಯಲು ಅದೇ ಚರ್ಚಿನ ಅದೇ ವರ್ಷದ, ಹಿಂದಿನ ವರ್ಷದ ವಯಸ್ಕರ ದೀಕ್ಷಾಸ್ನಾನಗಳನ್ನು ಸಾಲುಸಾಲಾಗಿ ಓದಿ. ಆಮೇಲೆ ಅದೇ ಗಂಡನ ಎಲ್ಲ ಮಕ್ಕಳ ಸಾಲುಗಳನ್ನೂ ಒಂದೆಡೆ ಇಟ್ಟು ತಾಳೆ ನೋಡಿ. ಒಂದರಲ್ಲಿ ಬಿಟ್ಟ ಹೆಸರು ಇನ್ನೊಂದರಲ್ಲಿ ಜಾರಿಬಿದ್ದಿರುತ್ತದೆ. ಮದುವೆಯ ಪುಟದ ಸಾಕ್ಷಿಗಳ ಸಹಿಯನ್ನೂ ನೋಡಿ. ಇಷ್ಟಾಗಿಯೂ ಎಷ್ಟೋ ಬಾರಿ ಅವಳ ಹುಟ್ಟುಹೆಸರು, ಜಾತಿ, ಊರು ಸಿಗುವುದೇ ಇಲ್ಲ. ಆ ಜಾಗವನ್ನು ಖಾಲಿ ಬಿಡಿ. 'ಮಲಬಾರಿನ ರಾಜಕುಮಾರಿ'ಯನ್ನು ತಂದು ಕೂರಿಸಬೇಡಿ. ಈ ರಾಜಕುಮಾರಿಯರು ವಂಶವೃಕ್ಷಗಳಲ್ಲಿ ಬೇಕಾದಷ್ಟು ಇದ್ದಾರೆ, ದಫ್ತರಗಳಲ್ಲಿ ಕಡಿಮೆ.

ಅಧಿಕಾರಿ ಅಥವಾ ವ್ಯಾಪಾರಿಯಾಗಿದ್ದರೆ ಉಯಿಲು ಹುಡುಕಿ. ಚರ್ಚಿನಲ್ಲಿ ಬಾಯಿಬಿಡದ ಗಂಡಸರು ಸಾಯುವ ಮುಂಚೆ ದುಡ್ಡು ಹಂಚುವಾಗ ಬಾಯಿಬಿಟ್ಟಿದ್ದಾರೆ. ತಮ್ಮ ಜತೆ ಬಾಳಿದ ಹೆಂಗಸಿನ ನಿಜವಾದ ಹೆಸರನ್ನು, ಮಕ್ಕಳ ಪಾಲನ್ನು ಉಯಿಲಿನಲ್ಲಿ ಬರೆದಿದ್ದಾರೆ. ಇವು ಬ್ರಿಟಿಷ್ ಲೈಬ್ರರಿಯಲ್ಲಿ ಎಲ್/ಎಜಿ/34 ಸಾಲಿನಲ್ಲಿವೆ.

ಸಿಪಾಯಿಯಾದರೆ ಯಾರ ಸಿಪಾಯಿ?

ಮುತ್ತಜ್ಜ 'ಸೋಲ್ಜರ್' ಎಂದಷ್ಟೇ ತಿಳಿದರೆ ಸಾಲದು. ಬ್ರಿಟನ್ನಿನ ರಾಜನ ಪಲ್ಟನ್ನಿನವನೋ ಕಂಪನಿಯ ಪಲ್ಟನ್ನಿನವನೋ ಎಂಬುದರ ಮೇಲೆ ದಾಖಲೆ ಎರಡು ಬೇರೆ ಕಟ್ಟಡಗಳಲ್ಲಿರುತ್ತದೆ. ರಾಜನ ಸೈನ್ಯದ್ದು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಪಿಂಚಣಿ ಪಡೆದವರ ಕಡತ ಅಲ್ಲಿ ಡಬ್ಲ್ಯುಒ 97. ಕಂಪನಿಯ ಮದ್ರಾಸ್ ಸೈನ್ಯದ್ದು ಬ್ರಿಟಿಷ್ ಲೈಬ್ರರಿಯ ಎಲ್/ಎಂಐಎಲ್/11. ಇದರಲ್ಲಿ ಹಾಜರಿ ಪಟ್ಟಿಗಳು ಸಿಗುತ್ತವೆ: ಹುಟ್ಟೂರು, ಹಿಂದಿನ ಕಸುಬು, ಬಂದ ಹಡಗು. 1858ರಲ್ಲಿ ಆಡಳಿತ ರಾಣಿಗೆ ಹೋದ ಮೇಲೆ ಕಂಪನಿಯ ಯುರೋಪಿಯನ್ ಪಲ್ಟನ್ನುಗಳು ರಾಣಿಯ ಸೈನ್ಯಕ್ಕೆ ಸೇರಿದ್ದರಿಂದ ಆ ಸುಮಾರಿನವರಿಗೆ ಎರಡೂ ಕಡೆ ನೋಡಿ.

ಎಲ್ಲ ಬಿಳಿಯರೂ ಇಂಗ್ಲಿಷರಲ್ಲ ಎಂಬುದೂ ನೆನಪಿರಲಿ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಡಿ ಮ್ಯೂರನ್ ಪಲ್ಟನ್ನು ಸ್ವಿಸ್ ಮೂಲದ್ದು, ಅದರವರ ಗೋರಿಗಳು ಅಲ್ಲಿನ ಗ್ಯಾರಿಸನ್ ಸ್ಮಶಾನದಲ್ಲಿವೆ. ಹುಟ್ಟೂರು ಐರ್ಲೆಂಡ್ ಎಂದು ಬಂದರೆ ಅದರಾಚೆಗಿನ ಹಾದಿ ಕಷ್ಟ. ಡಬ್ಲಿನ್ನಿನ ದಾಖಲೆ ಕಚೇರಿ 1922ರಲ್ಲಿ ಸುಟ್ಟು ಹೋಗಿ 1821ರಿಂದ 1851ರವರೆಗಿನ ಜನಗಣತಿಗಳ ಬಹುಪಾಲು ನಾಶವಾಯಿತು.

ಚರ್ಚು, ಸ್ಮಶಾನ, ಶಾಲೆ

ಲಂಡನ್ನಿನ ನಕಲುಗಳಲ್ಲಿ ಕ್ಯಾಥೊಲಿಕರು ಕಡಿಮೆ. ಅವರದ್ದು ಚರ್ಚಿನಲ್ಲೇ ಹುಡುಕಬೇಕು. ಬೆಂಗಳೂರಿನಲ್ಲಿ ಸೇಂಟ್ ಪ್ಯಾಟ್ರಿಕ್ಸ್, ಶಿವಾಜಿನಗರದ ಸೇಂಟ್ ಮೇರಿ, ಕ್ಲೀವ್‌ಲ್ಯಾಂಡ್ ಟೌನಿನ ಸೇಂಟ್ ಫ್ರಾನ್ಸಿಸ್ ಝೇವಿಯರ್ ಇವುಗಳಿಂದ ಶುರುಮಾಡಿ. ಪ್ರಾಟೆಸ್ಟಂಟರಾದರೆ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ, ಸೇಂಟ್ ಜಾನ್ಸ್, ಆಲ್ ಸೇಂಟ್ಸ್. ಸ್ಕಾಟ್‌ಲೆಂಡಿನವರಾದರೆ ಸೇಂಟ್ ಆಂಡ್ರ್ಯೂಸ್. ಮೊದಲು ಪತ್ರ ಬರೆಯಿರಿ: ಹೆಸರು, ಅಂದಾಜು ಐದು ವರ್ಷದ ಅವಧಿ, ನಿಮಗೂ ಆ ವ್ಯಕ್ತಿಗೂ ಇರುವ ಸಂಬಂಧ. ಭಾನುವಾರ, ಮದುವೆಯ ಸೀಸನ್ನು, ಡಿಸೆಂಬರ್ ತಿಂಗಳು ಬಿಟ್ಟು ಹೋಗಿ. ಕಚೇರಿಯವರು ಅಚ್ಚಾದ ನಮೂನೆಯಲ್ಲಿ ಸರ್ಟಿಫಿಕೇಟು ತುಂಬಿ ಕೊಡುತ್ತಾರೆ. ಅದು ಸಾಲದು. ಅದರಲ್ಲಿ ಷರಾ ಕಾಲಂ ಇರುವುದಿಲ್ಲ. ರಿಜಿಸ್ಟರಿನ ಪೂರ್ತಿ ಸಾಲನ್ನು ಷರಾ ಸಮೇತ ಬರೆದುಕೊಡಲು ಅಥವಾ ಫೋಟೊ ತೆಗೆಯಲು ಒಪ್ಪಿಗೆ ಕೇಳಿ.

ಆ ಷರಾ ಏಕೆ ಬೇಕು? 1908ರ ನಂತರ ಕ್ಯಾಥೊಲಿಕ್ ನಿಯಮದಂತೆ ಮದುವೆಯಾದಾಗ ಅದನ್ನು ದೀಕ್ಷಾಸ್ನಾನವಾದ ಚರ್ಚಿಗೆ ತಿಳಿಸಿ, ಅಲ್ಲಿನ ರಿಜಿಸ್ಟರಿನ ಅಂಚಿನಲ್ಲಿ ಬರೆಯಬೇಕು. ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿ ಖರಗ್‌ಪುರದಲ್ಲಿ ಮದುವೆಯಾದದ್ದು ಬೆಂಗಳೂರಿನ ಪುಟದ ಅಂಚಿನಲ್ಲೇ ಸಿಗಬಹುದು. ಹಳೆಯ ಪುಟಗಳು ಲ್ಯಾಟಿನ್ನಿನಲ್ಲಿರುತ್ತವೆ. ಫಿಲಿಯಸ್ ಎಂದರೆ ಮಗ, ಫಿಲಿಯಾ ಮಗಳು, ಪಾತ್ರಿನಿ ಗಾಡ್‌ಪೇರೆಂಟ್ಸ್, ಪಾತ್ರೆ ಇಗ್ನೋತೋ ಎಂದಿದ್ದರೆ ತಂದೆ ಗೊತ್ತಿಲ್ಲ. ಇಷ್ಟು ಗೊತ್ತಿದ್ದರೆ ಮುಕ್ಕಾಲು ಕೆಲಸ ಆಗುತ್ತದೆ.

ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಗಣಿ ಕೆಲಸದವರು ಬಂದರು, ಜತೆಗೆ ದೊಡ್ಡ ಆಂಗ್ಲೋ ಇಂಡಿಯನ್ ವಸತಿ ಬೆಳೆಯಿತು. ಗಣಿ 2001ರಲ್ಲಿ ಮುಚ್ಚಿತು. ಈಗ ಅಲ್ಲಿ ಚರ್ಚಿನ ರಿಜಿಸ್ಟರು ಮತ್ತು ಸ್ಮಶಾನವೇ ಗಟ್ಟಿ ಆಧಾರ. ವೈಟ್‌ಫೀಲ್ಡ್ ಬೇರೆ ಬಗೆಯದು: 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಅಂಡ್ ಆಂಗ್ಲೋ ಇಂಡಿಯನ್ ಅಸೋಸಿಯೇಷನ್ನಿಗೆ ಕೊಟ್ಟ 3,900 ಎಕರೆಯಲ್ಲಿ ಎದ್ದ ಬೇಸಾಯದ ವಸಾಹತು. ನಿಮ್ಮವರು ಅಲ್ಲಿದ್ದರೆ ಜಮೀನಿನ ಕಾಗದಗಳ ಹಾದಿಯೂ ತೆರೆಯುತ್ತದೆ.

ಬೆಂಗಳೂರಿನ ಹೊಸೂರು ರಸ್ತೆ, ಕಲ್ಪಳ್ಳಿ ಸ್ಮಶಾನಗಳಲ್ಲಿ ಜಾಗದ ಅಭಾವದಿಂದ ಹಳೆಯ ಗೋರಿಯನ್ನೇ ಮತ್ತೆ ತೆರೆಯುವುದುಂಟು. ಕಲ್ಲು ಕಾಣದಿದ್ದರೆ ಹೂಳಿದವರ ರಿಜಿಸ್ಟರು ಕೇಳಿ. ಕಲ್ಲಿನ ಅಕ್ಷರ ಮಾಸಿದ್ದರೆ ಸುಣ್ಣ, ಚಾಕ್, ತಂತಿ ಬ್ರಷ್ ಯಾವುದೂ ಮುಟ್ಟಿಸಬೇಡಿ. ನೀರು ಚಿಮುಕಿಸಿ, ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕಕ್ಕೆ ಹಿಡಿದರೆ ನೆರಳಿನಲ್ಲಿ ಅಕ್ಷರ ಎದ್ದುಬರುತ್ತದೆ. ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನ, ತಂದೆಯ ಕೆಲಸ, ಹಿಂದಿನ ಶಾಲೆ ಇರುತ್ತವೆ. ಬಾಲ್ಡ್‌ವಿನ್, ಬಿಷಪ್ ಕಾಟನ್, ಸೇಂಟ್ ಜೋಸೆಫ್ಸ್‌ಗಳಂಥ ಹಳೆಯ ಸಂಸ್ಥೆಗಳಿಗೆ ಬರೆದು ನೋಡಿ.

ವಿದೇಶಕ್ಕೆ ಹೋದ ಚಿಕ್ಕಪ್ಪ

ಆಗಲೇ ಹೇಳಿದ ಏರೋಗ್ರಾಮಿನ ಕೆಲಸ ಇಲ್ಲಿದೆ. 1947ರ ಆಗಸ್ಟಿನಲ್ಲಿ 'ಮನೂರಾ' ಹಡಗು ನೂರಾರು ಆಂಗ್ಲೋ ಇಂಡಿಯನ್ನರನ್ನು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಇಳಿಸಿತು. ಬಿಳಿಯರಿಗಷ್ಟೇ ಪ್ರವೇಶ ಎಂಬ ಅಲ್ಲಿನ ನೀತಿಯಿಂದಾಗಿ ಮುಂದೆ ಅರ್ಜಿ ಹಾಕಿದವರು ತಮ್ಮ ರಕ್ತದ ಬಹುಪಾಲು ಯುರೋಪಿನದ್ದು ಎಂದು ತೋರಿಸಬೇಕಿತ್ತು. ಬ್ರಿಟನ್ನಿನ 1948ರ ಪೌರತ್ವ ಕಾಯ್ದೆಯಡಿ ನೋಂದಾಯಿಸಿಕೊಳ್ಳುವವರೂ ತಂದೆಯ ಕಡೆಯ ಬ್ರಿಟಿಷ್ ಮೂಲದ ಪುರಾವೆ ಕೊಡಬೇಕಿತ್ತು. ಇದರಿಂದಾಗಿ ನಿಮ್ಮ ಅಜ್ಜನ ತಮ್ಮ ವಲಸೆ ಹೋಗುವಾಗ ಮನೆತನದ ಹುಡುಕಾಟವನ್ನು ನಿಮಗಿಂತ ಮೊದಲೇ ಮಾಡಿ, ಕಾಗದ ಲಗತ್ತಿಸಿರಬಹುದು. ನ್ಯಾಷನಲ್ ಆರ್ಕೈವ್ಸ್ ಆಫ್ ಆಸ್ಟ್ರೇಲಿಯಾದ ಸೂಚಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಆದರೆ ಇದೇ ಕಡತದಲ್ಲಿ ಸುಳ್ಳಿಗೂ ಅತಿ ಹೆಚ್ಚು ಒತ್ತಡವಿತ್ತು. ಅದರಲ್ಲಿನ ತಾಯಿಯ ಮೂಲವನ್ನು ಚರ್ಚಿನ ಸಾಲಿನೊಂದಿಗೆ ತಾಳೆ ನೋಡದೆ ಒಪ್ಪಬೇಡಿ.

ಈಗ ಡಿಎನ್‌ಎ

ಮನೆಯ ಅತಿ ಹಿರಿಯರಿಂದ ಮಾದರಿ ಕೊಡಿಸಿ. ಮುತ್ತಜ್ಜನಿಂದ ಸರಾಸರಿ ಶೇ. 12.5, ಅವನ ಅಪ್ಪನಿಂದ 6.25, ಅವನ ಅಪ್ಪನಿಂದ 3.1 ಎಂದು ಪಾಲು ಅರ್ಧರ್ಧ ಆಗುತ್ತ ಹೋಗುತ್ತದೆ. ನಿಮ್ಮ ಬದಲು ನಿಮ್ಮ ಅಜ್ಜಿ ಉಗುಳಿದರೆ ಎರಡು ಮೆಟ್ಟಿಲು ಹತ್ತಿರ. ಇವು ಸರಾಸರಿ ಮಾತ್ರ. ಆರೇಳು ತಲೆಮಾರು ಹಿಂದಿನ ಒಬ್ಬ ಪೂರ್ವಜನಿಂದ ಏನೂ ಬರದಿರುವ ಸಾಧ್ಯತೆಯೂ ಇದೆ. ವರದಿಯಲ್ಲಿ ಯುರೋಪ್ ಸೊನ್ನೆ ಎಂದ ಮಾತ್ರಕ್ಕೆ ಕಥೆ ಸುಳ್ಳಾಗದು. ಎಂಜಲು ಕೊಡುವ ಮೊದಲು ಅರ್ಧ ಗಂಟೆ ಊಟ, ಕಾಫಿ, ಎಲೆ ಅಡಿಕೆ ಬೇಡ. ಬಾಯಿ ಒಣಗುವ ವಯಸ್ಸಾದವರಿಗೆ ಕೆನ್ನೆಯ ಒಳಗಿನಿಂದ ಒರೆಸಿ ತೆಗೆಯುವ ಕಿಟ್ ಸುಲಭ.

ಶೇಕಡಾವಾರು ನಕ್ಷೆಯನ್ನು ಕಂಪನಿ ತನ್ನ ಬಳಿಯ ಮಾದರಿ ಜನರ ಗುಂಪಿನೊಂದಿಗೆ ಹೋಲಿಸಿ ಮಾಡುತ್ತದೆ. ಅದಕ್ಕೇ ಎರಡು ಕಂಪನಿಗಳ ಉತ್ತರ ಎರಡು, ಒಂದೇ ಕಂಪನಿಯ ಉತ್ತರವೂ ಪರಿಷ್ಕರಣೆಯಾದಾಗ ಬದಲಾಗುತ್ತದೆ. ಶೇ. 1–3ರ ಯುರೋಪಿಗೆ ಅರ್ಥ ಹಚ್ಚಬೇಡಿ. ಭಾರತೀಯರ ವಂಶವಾಹಿಯಲ್ಲಿ ಸಾವಿರಾರು ವರ್ಷ ಹಿಂದೆ ಮಧ್ಯ ಏಷ್ಯಾ ಕಡೆಯ ಹುಲ್ಲುಗಾವಲಿನ ಪ್ರದೇಶದಿಂದ ಬಂದವರ ಪಾಲೂ ಇದೆ, ಅದೂ ಹೀಗೆ ಇಣುಕಬಹುದು. ತಂದೆಯಿಂದ ಮಗನಿಗೆ ಸಾಗುವ ವೈ ಕ್ರೋಮೊಸೋಮಿನಲ್ಲೂ ಇದೇ ಬಲೆ ಇದೆ. ಆರ್1ಎ ಗುಂಪು ಪೂರ್ವ ಯುರೋಪಿನಲ್ಲೂ ಭಾರತದಲ್ಲೂ ಹೇರಳ, ಅದು ಬಿಳಿಯ ಪೂರ್ವಜನ ಸಾಕ್ಷಿಯಲ್ಲ. ಪಶ್ಚಿಮ ಯುರೋಪಿನಲ್ಲಿ ಹೆಚ್ಚಾಗಿರುವ ಆರ್1ಬಿ ಬಂದರೆ ಮಾತು ಬೇರೆ. ಅದು ತಂದೆಯ ತಂದೆಯ ತಂದೆ ಎಂಬ ಒಂದೇ ನೇರ ಗೆರೆಯ ಸುದ್ದಿ. ತಾಯಿಯ ನೇರ ಗೆರೆಯ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಎಂ ಗುಂಪಿನ ಭಾರತೀಯ ಕವಲು ಬಂದರೆ, ದಾಖಲೆಯಲ್ಲಿ 'ಮೇರಿ' ಎಂದಷ್ಟೇ ಉಳಿದ ಹೆಂಗಸು ಇಲ್ಲಿಯವಳೇ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಷರತ್ತೊಂದೇ: ಮಾದರಿ ಕೊಟ್ಟವರು ಅವಳಿಂದ ಬರೀ ಹೆಂಗಸರ ಸರಣಿಯಲ್ಲಿ ಇಳಿದವರಾಗಿರಬೇಕು.

ನಿಜವಾದ ಉಪಯೋಗ ಇರುವುದು ಹೊಂದಾಣಿಕೆಯಾದ ನೆಂಟರ ಪಟ್ಟಿಯಲ್ಲಿ. ಪರ್ತ್, ಮೆಲ್ಬರ್ನ್, ಲಂಡನ್, ಟೊರಾಂಟೊಗಳಲ್ಲಿ ನೆಲೆಸಿದ ಆಂಗ್ಲೋ ಇಂಡಿಯನ್ನರಲ್ಲಿ ಪರೀಕ್ಷೆ ಮಾಡಿಸಿದವರು ಸಾಕಷ್ಟಿದ್ದಾರೆ. ಹಂಚಿಕೊಂಡ ಡಿಎನ್‌ಎಯನ್ನು ಸೆಂಟಿಮಾರ್ಗನ್‌ನಲ್ಲಿ ಅಳೆಯುತ್ತಾರೆ. ಚಿಕ್ಕಪ್ಪ, ಸೋದರತ್ತೆ ಮಕ್ಕಳ ನಡುವೆ ಸರಾಸರಿ 870ರಷ್ಟು, ಎರಡನೇ ತಲೆಮಾರಿನ ದಾಯಾದಿಗಳಲ್ಲಿ 230, ಮೂರನೆಯದರಲ್ಲಿ 75. ಇಲ್ಲೊಂದು ಎಚ್ಚರಿಕೆ. ರೈಲ್ವೆ ಕಾಲೊನಿಗಳಲ್ಲಿ ಅವವೇ ಮನೆತನಗಳ ನಡುವೆ ಮದುವೆಗಳಾದವು. ನಮ್ಮಲ್ಲಿ ಸೋದರಮಾವ, ಅತ್ತೆ ಮಕ್ಕಳ ಸಂಬಂಧವೂ ಇದೆ. ಎರಡರಿಂದಲೂ ಈ ಅಂಕಿ ಉಬ್ಬುತ್ತದೆ, ದೂರದವರು ಹತ್ತಿರದವರಂತೆ ಕಾಣುತ್ತಾರೆ. ಒಟ್ಟು ಮೊತ್ತ ನೋಡುವ ಬದಲು ಅತಿ ಉದ್ದದ ಒಂದು ತುಣುಕು ಎಷ್ಟಿದೆ ನೋಡಿ. 20 ಸೆಂಟಿಮಾರ್ಗನ್ ಮೀರಿದವರಿಗೆ ಮೊದಲು ಪತ್ರ ಬರೆಯಿರಿ.

ಕಿಟ್ ತರಿಸುವ ಮುನ್ನ ಮನೆಯವರ ಜತೆ ಕೂತು ಮಾತಾಡಿ. ಮುತ್ತಜ್ಜನನ್ನು ಹುಡುಕಹೋಗಿ ಅಪ್ಪನ ಅಪ್ಪ ಬೇರೆಯವರು ಎಂದು ತಿಳಿದ ಮನೆಗಳಿವೆ. ಗೌಪ್ಯತೆಯೂ ಸಣ್ಣ ವಿಷಯವಲ್ಲ. 23ಆಂಡ್‌ಮಿ ಎಂಬ ಡಿಎನ್‌ಎ ಪರೀಕ್ಷೆಯ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಕಚ್ಚಾ ಕಡತ ಇಳಿಸಿಕೊಂಡು, ಕೆಲಸ ಮುಗಿದ ಮೇಲೆ ಖಾತೆ ಅಳಿಸುವ ಆಯ್ಕೆ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ದತ್ತು ಬಂದವರಿಗೆ

ಹೆತ್ತವರೇ ಗೊತ್ತಿಲ್ಲದವರ ದಾರಿ ಬೇರೆ. ಕೇಂದ್ರ ದತ್ತು ಪ್ರಾಧಿಕಾರ, ಅಂದರೆ ಕಾರಾ, ಅದರ ನಿಯಮಗಳಂತೆ 18 ತುಂಬಿದವರು ತಾವೇ, ಅದಕ್ಕಿಂತ ಚಿಕ್ಕವರು ದತ್ತು ತಂದೆ ತಾಯಿಯ ಜತೆ ಸೇರಿ ಮೂಲ ಹುಡುಕಾಟಕ್ಕೆ ಅರ್ಜಿ ಕೊಡಬಹುದು. ನಿಮ್ಮ ಪರವಾಗಿ ಮೂರನೆಯವರು ಹುಡುಕಲು ನಿಯಮ ಬಿಡುವುದಿಲ್ಲ, ಹಾಗಾಗಿ ಏಜೆಂಟರಿಗೆ ದುಡ್ಡು ಕೊಡಬೇಡಿ. ಮಗುವನ್ನು ಒಪ್ಪಿಸಿದ ತಾಯಿ ತನ್ನ ಗುರುತು ಹೇಳಕೂಡದು ಎಂದಿದ್ದರೆ ಆಕೆಯ ಒಪ್ಪಿಗೆ ಇಲ್ಲದೆ ಹೆಸರು ಸಿಗದು. ಆದರೂ ಯಾವ ಊರಿನಲ್ಲಿ, ಯಾವ ಕಾರಣಕ್ಕೆ ಸಂಸ್ಥೆಗೆ ಬಂದಿರಿ ಎಂಬಷ್ಟನ್ನಾದರೂ ಕೇಳಿ ಪಡೆಯಬಹುದು.

ಸಿಕ್ಕ ಮೇಲೆ ನೀವು ಯಾರು?

ಕಾನೂನಿನ ಉತ್ತರ ಚಿಕ್ಕದು. ಸಂವಿಧಾನದ 366(2)ನೇ ವಿಧಿಯಂತೆ ತಂದೆ, ಅಥವಾ ಗಂಡು ಸರಣಿಯಲ್ಲಿ ಹಿಂದಿನ ಯಾವನಾದರೂ ಯುರೋಪಿಯನ್ ಮೂಲದವನಾಗಿದ್ದು, ಇಲ್ಲಿಯೇ ನೆಲೆಸಿದ ತಂದೆ ತಾಯಿಗೆ ಭಾರತದಲ್ಲಿ ಹುಟ್ಟಿದವರು ಆಂಗ್ಲೋ ಇಂಡಿಯನ್. ತಾಯಿಯ ಕಡೆಯಿಂದ ಬಂದ ಬಿಳಿ ಅಜ್ಜ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಅಕ್ಕನ ಮಕ್ಕಳು ಹೊರಗೆ, ತಮ್ಮನ ಮಕ್ಕಳು ಒಳಗೆ. ಲೋಕಸಭೆಯಲ್ಲಿ ಇಬ್ಬರನ್ನು, ವಿಧಾನಸಭೆಯಲ್ಲಿ ಒಬ್ಬರನ್ನು ನಾಮಕರಣ ಮಾಡುವ ಅವಕಾಶ 104ನೇ ತಿದ್ದುಪಡಿಯೊಂದಿಗೆ 2020ರ ಜನವರಿಯಲ್ಲಿ ಕೊನೆಯಾಯಿತು.

ವೀಸಾದ ಆಸೆಯಿಂದ ಹುಡುಕುವವರಿಗೂ ಒಂದು ಮಾತು. ಬ್ರಿಟನ್ನಿನ ಆನ್ಸೆಸ್ಟ್ರಿ ವೀಸಾಕ್ಕೆ ಅಜ್ಜ ಅಥವಾ ಅಜ್ಜಿ ಬ್ರಿಟನ್ನಿನಲ್ಲೇ ಹುಟ್ಟಿರಬೇಕು. 1820ರಲ್ಲಿ ದಂಡಿಗೆ ಬಂದ ಗನ್ನರನ ಕಾಗದ ಎಷ್ಟೇ ಪಕ್ಕಾ ಇದ್ದರೂ ಆ ಅರ್ಜಿಗೆ ಉಪಯೋಗವಿಲ್ಲ.